ಅಪ್ಪನ ಲಿವರ್ ಕಾಯಿಲೆಗೆ ತಿಂಗಳುಗಟ್ಟಲೆ ಆಂಟಿಬಯೋಟಿಕ್: ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಅರವತ್ತೊಂದು ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎರಡು ವರ್ಷಗಳ ಹಿಂದೆ ಲಿವರ್ ಸಿರೋಸಿಸ್ ಎಂದು ತಿಳಿಯಿತು. ಅವರು ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ; ಕೊಬ್ಬು ತುಂಬಿದ ಲಿವರ್ ಕಾಲಕ್ರಮೇಣ ಗಟ್ಟಿಯಾಗಿದೆ ಎಂದು ವೈದ್ಯರು ಹೇಳಿದರು. ಊರಿನವರು ನಂಬುವುದಿಲ್ಲ, ಆ ಮಾತು ಬೇರೆ.

ಈ ವರ್ಷ ಸಂಕ್ರಾಂತಿಯ ಸಮಯದಲ್ಲಿ ಅವರಿಗೆ ಮೊದಲ ಸಲ ಮಂಕು ಕವಿಯಿತು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ನಡುರಾತ್ರಿ ಎದ್ದು ಕೊಟ್ಟಿಗೆಗೆ ಹೋಗಿ, ಹೋದ ವರ್ಷವೇ ಮಾರಿದ ಎಮ್ಮೆಗೆ ಬಾನಿಯಲ್ಲಿ ನೀರು ತುಂಬಿಸುತ್ತಿದ್ದರು. ಆಸ್ಪತ್ರೆಗೆ ಸೇರಿಸಿ, ಲ್ಯಾಕ್ಟುಲೋಸ್ ಎಂಬ ಸಿರಪ್ ಕೊಟ್ಟ ಮೇಲೆ ಎರಡು ದಿನಗಳಲ್ಲಿ ಸರಿಹೋದರು. ಕಳೆದ ತಿಂಗಳು ಮತ್ತೆ ಹಾಗೆಯೇ ಆಯಿತು. ಈ ಸಲ ಬೆಂಗಳೂರಿನ ವೈದ್ಯರು ಸಿರಪ್ ಜೊತೆಗೆ ರಿಫಾಕ್ಸಿಮಿನ್ 550 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದರಂತೆ ಬರೆದು, ಮುಂದಿನ ಸೂಚನೆಯವರೆಗೆ ನಿಲ್ಲಿಸಬಾರದು ಎಂದರು.

ಈಗ ಸಮಸ್ಯೆ ಏನೆಂದರೆ, ಒಂದು ತಿಂಗಳ ಮಾತ್ರೆ ಮುಗಿದು ಮತ್ತೆ ತರಲು ಹೋದಾಗ ಔಷಧದ ಅಂಗಡಿಯವರು, "ಇದು ಆಂಟಿಬಯೋಟಿಕ್ ಅಮ್ಮ, ಐದು ದಿನ ಹೆಚ್ಚೆಂದರೆ ಏಳು ದಿನ, ತಿಂಗಳುಗಟ್ಟಲೆ ನುಂಗಿದರೆ ಇರುವ ಲಿವರ್ ಕೂಡ ಹೋಗುತ್ತದೆ" ಎಂದರು. ಚಿಕ್ಕಪ್ಪನವರೂ ಅದನ್ನೇ ಹೇಳಿದರು. ಹೀಗಾಗಿ ನಾಲ್ಕು ದಿನಗಳಿಂದ ಮಾತ್ರೆ ನಿಂತಿದೆ. ಅಪ್ಪನ ವಾದ ಇದಕ್ಕೆ ತದ್ವಿರುದ್ಧ. ಮಾತ್ರೆ ಇರಲಿ, ಸಿರಪ್ ಬೇಡ ಎನ್ನುತ್ತಾರೆ, ಏಕೆಂದರೆ ಅದನ್ನು ಕುಡಿದ ದಿನ ಆರು ಸಲ ಹೊರಗೆ ಹೋಗಬೇಕಾಗುತ್ತದೆ, ಕೋಲಾರಕ್ಕೆ ಬಸ್ಸಿನಲ್ಲಿ ಹೋಗುವುದೇ ಕಷ್ಟವಾಗಿದೆ. ತಿಳಿದವರು ದಯವಿಟ್ಟು ವಿವರಿಸಿ.

ಹಳೇ ಸ್ಟೆತಸ್ಕೋಪ್, ತುಮಕೂರು

ತಾಯಿ, ಮೊದಲು ಒಂದು ಕೆಲಸ ಮಾಡಿ. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಮಾತ್ರೆ ನಾಲ್ಕು ದಿನಗಳಿಂದ ನಿಂತಿದೆ ಎಂದು ತಿಳಿಸಿ. ಅವರು ಇಂದೇ ಶುರುಮಾಡಿ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ನಾನು ಸರ್ಕಾರಿ ಆಸ್ಪತ್ರೆಗಳ ಮೆಡಿಸಿನ್ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ತಂದೆಯವರನ್ನು ನೋಡಿಲ್ಲವಾದ್ದರಿಂದ ಚಿಕಿತ್ಸೆ ಹೇಳುವುದಿಲ್ಲ, ಆದರೆ ಈ ಮಾತ್ರೆಯ ಕೆಲಸವೇನು ಎಂಬುದನ್ನು ವಿವರಿಸಬಲ್ಲೆ.

ಮಾತ್ರೆ ನುಂಗುವುದು ಲಿವರ್ ಕಾಯಿಲೆಯವರಾದರೂ ಅದರ ಕೆಲಸ ನಡೆಯುವುದು ಕರುಳಿನಲ್ಲಿ, ಪ್ರಯೋಜನ ಸಿಗುವುದು ಮಿದುಳಿಗೆ. ನಾವು ತಿಂದ ಆಹಾರದ ಪ್ರೋಟೀನನ್ನೂ ಕರುಳಿಗೆ ಇಳಿದ ಯೂರಿಯಾವನ್ನೂ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆರೋಗ್ಯವಂತರಲ್ಲಿ ಆ ಅಮೋನಿಯಾ ಹೊತ್ತ ಕರುಳಿನ ರಕ್ತವು ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಅಮೋನಿಯಾ ಯೂರಿಯಾ ಆಗಿ ಬದಲಾಗಿ ಮೂತ್ರದಲ್ಲಿ ಹೊರಬೀಳುತ್ತದೆ. ಸಿರೋಸಿಸ್ ಆದಾಗ ಯಕೃತ್ತಿನ ಜೀವಕೋಶಗಳೂ ಕಡಿಮೆ, ಗಂಟುಗಟ್ಟಿದ ಯಕೃತ್ತಿನೊಳಗೆ ರಕ್ತ ಹರಿಯುವುದೂ ಕಷ್ಟ. ಹೂಳು ತುಂಬಿದ ಕೆರೆಯ ನೀರು ಕೋಡಿ ಬಿದ್ದು ಹೊಲದೊಳಗೆ ನುಗ್ಗುವ ಹಾಗೆ ಆ ರಕ್ತ ಅಡ್ಡದಾರಿ ಹಿಡಿದು, ಶುದ್ಧಿಯಾಗದೆಯೇ ದೇಹವಿಡೀ ತಿರುಗುತ್ತದೆ. ಮಿದುಳಿಗೆ ಮುಟ್ಟಿದ ಅಮೋನಿಯಾ ಅಲ್ಲಿನ ಪೋಷಕ ಕೋಶಗಳನ್ನು ಊದಿಸುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ದಿಕ್ಕು ತಪ್ಪಿದ ಮಾತು, ಕೈ ಮುಂದೆ ಚಾಚಿದಾಗ ಮಣಿಕಟ್ಟು ರೆಕ್ಕೆಯಂತೆ ಬಡಿದುಕೊಳ್ಳುವುದು, ಕೊನೆಗೆ ಪ್ರಜ್ಞೆ ತಪ್ಪುವುದು, ಇವೆಲ್ಲ ಅದರ ಮೆಟ್ಟಿಲುಗಳು. ಇದನ್ನೇ ಹೆಪಾಟಿಕ್ ಎನ್ಸೆಫಲೋಪತಿ ಎನ್ನುತ್ತೇವೆ.

ರಿಫಾಕ್ಸಿಮಿನ್ ನುಂಗಿದರೆ ಅದರಲ್ಲಿ ಶೇಕಡಾ ಒಂದರಷ್ಟೂ ರಕ್ತಕ್ಕೆ ಸೇರುವುದಿಲ್ಲ. ಕರುಳಿನಲ್ಲಿಯೇ ಉಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಅಮೋನಿಯಾ ಉತ್ಪಾದನೆಯನ್ನು ತಗ್ಗಿಸುತ್ತದೆ. ಗಂಟಲು ನೋವಿಗೋ ಮೂತ್ರದ ಸೋಂಕಿಗೋ ಕೊಡುವ ಆಂಟಿಬಯೋಟಿಕ್‌ಗೆ ಶತ್ರು ಸತ್ತ ಕೂಡಲೇ ಕೆಲಸ ಮುಗಿಯುತ್ತದೆ, ಆದ್ದರಿಂದ ಐದು ದಿನದ ಲೆಕ್ಕ. ಇಲ್ಲಿ ಸೋಂಕೇ ಇಲ್ಲ. ಅಮೋನಿಯಾ ದಿನವೂ ಹುಟ್ಟುತ್ತದೆ, ಮಾತ್ರೆಯೂ ದಿನವೂ ಬೇಕು. ಅಂಗಡಿಯವರ ಎಚ್ಚರಿಕೆ ನೂರು ಔಷಧಗಳಿಗೆ ಸರಿ, ಈ ಒಂದಕ್ಕೆ ಅನ್ವಯವಾಗುವುದಿಲ್ಲ.

ತಂದೆಯವರ ವಾದಕ್ಕೂ ಉತ್ತರ ಹೇಳಬೇಕು. ಈ ಕಾಯಿಲೆಗೆ ಮೊದಲ ಔಷಧ ಸಿರಪ್ಪೇ. ಮಾತ್ರೆ ಅದರ ಜೊತೆಗಾರ. ಲ್ಯಾಕ್ಟುಲೋಸ್ ಜೀರ್ಣವಾಗದ ಸಕ್ಕರೆ. ದೊಡ್ಡ ಕರುಳಿನಲ್ಲಿ ಅದು ಹುಳಿಯಾಗಿ ಅಮೋನಿಯಾವನ್ನು ರಕ್ತಕ್ಕೆ ಹೋಗಲಾಗದ ರೂಪಕ್ಕೆ ತಿರುಗಿಸಿ, ಮಲದ ಜೊತೆ ಹೊರಗೆ ತಳ್ಳುತ್ತದೆ. ಆದರೆ ಗುರಿ ಇರುವುದು ದಿನಕ್ಕೆ ಎರಡರಿಂದ ಮೂರು ಮೆತ್ತಗಿನ ಮಲವಿಸರ್ಜನೆ, ಆರಲ್ಲ. ಆರು ಸಲ ಆದರೆ ದೇಹದ ನೀರು, ಲವಣ ಇಳಿದು ಅದೇ ಕಾರಣಕ್ಕೆ ಮಂಕು ಮರಳಬಹುದು. ಸಿರಪ್ ನಿಲ್ಲಿಸುವುದಲ್ಲ, ವೈದ್ಯರನ್ನು ಕೇಳಿ ಅಳತೆ ಕಡಿಮೆ ಮಾಡುವುದು ದಾರಿ.

ಗುಳಿಗೆ, ಚಿಕ್ಕಬಳ್ಳಾಪುರ

ನಾನು ಔಷಧದ ಅಂಗಡಿ ನಡೆಸುವವನು. ಆ ಅಂಗಡಿಯವರ ಪರವಾಗಿ ಒಂದು ಮಾತು, ವಿರುದ್ಧವಾಗಿ ಒಂದು ಮಾತು. ಆಂಟಿಬಯೋಟಿಕ್ ಅನ್ನು ಸುಮ್ಮನೆ ಮುಂದುವರಿಸಬೇಡಿ ಎಂದು ನಮಗೆ ಪ್ರತಿಯೊಂದು ತರಬೇತಿಯಲ್ಲಿಯೂ ಹೇಳಿಕೊಟ್ಟಿದ್ದಾರೆ. ಅದು ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಚೀಟಿಯಲ್ಲಿ ವೈದ್ಯರು ಬರೆದದ್ದನ್ನು ಅಡ್ಡಿಪಡಿಸುವ ಮುನ್ನ ಅವರಿಗೇ ಫೋನ್ ಮಾಡಬೇಕಿತ್ತು.

ನಮ್ಮ ಗಲ್ಲಾದ ಈ ಕಡೆಯಿಂದ ಕಾಣುವ ಇನ್ನೊಂದು ವಿಷಯವಿದೆ. ಈ ಮಾತ್ರೆ 200, 400, 550 ಮಿಲಿಗ್ರಾಂ ಹೀಗೆ ಮೂರು ಅಳತೆಗಳಲ್ಲಿ ಬರುತ್ತದೆ. ಭೇದಿಗೆ ಬರೆಯುವುದು ಹೆಚ್ಚಾಗಿ ಚಿಕ್ಕ ಅಳತೆ, ಕೆಲವೇ ದಿನಗಳಿಗೆ. ಆದ್ದರಿಂದ ಸಣ್ಣ ಊರಿನ ಅಂಗಡಿಗಳಲ್ಲಿ 550 ಇರುವುದಿಲ್ಲ. "ಇದ್ದದ್ದು ಕೊಡಿ" ಎಂದು 200ರ ಪಟ್ಟಿ ತೆಗೆದುಕೊಂಡು ಹೋಗಿ ಬೆಳಿಗ್ಗೆ ಒಂದು ರಾತ್ರಿ ಒಂದು ನುಂಗಿದರೆ ಬೇಕಾದ ಅಳತೆಯ ಅರ್ಧವೂ ಆಗುವುದಿಲ್ಲ. ತಿಂಗಳಿಗೆ ಅರವತ್ತು ಮಾತ್ರೆ ಬೇಕು, ಬೆಲೆಯೂ ಹಗುರವಲ್ಲ. ನಿಜ ಹೇಳಬೇಕೆಂದರೆ ಜನ ನಿಲ್ಲಿಸುವುದು ಆಂಟಿಬಯೋಟಿಕ್ ಎಂಬ ಭಯಕ್ಕಿಂತ ಬಿಲ್ಲಿನ ಭಯಕ್ಕೆ. ಬೇರೆ ಬೇರೆ ಕಂಪನಿಗಳ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿರುವುದರಿಂದ ಔಷಧದ ಮೂಲ ಹೆಸರಿನಲ್ಲಿ ಚೀಟಿ ಬರೆಸಿಕೊಂಡು, ಜನೌಷಧಿ ಕೇಂದ್ರದಲ್ಲಿಯೂ ಒಮ್ಮೆ ಕೇಳಿ. ಮಾತ್ರೆ ಖಾಲಿಯಾಗುವ ಒಂದು ವಾರ ಮೊದಲೇ ಹೇಳಿದರೆ ಯಾವ ಅಂಗಡಿಯವರಾದರೂ ತರಿಸಿಕೊಡುತ್ತಾರೆ.

ಪೆಟ್ರಿ ತಟ್ಟೆ, ತುಮಕೂರು

ಹಿರಿಯ ವೈದ್ಯರ ಮಾತನ್ನು ಗೌರವಿಸಿಯೇ ಒಂದು ಆಕ್ಷೇಪ ಎತ್ತುತ್ತೇನೆ. ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು. "ರಕ್ತಕ್ಕೆ ಸೇರುವುದಿಲ್ಲ, ಆದ್ದರಿಂದ ಭಯವಿಲ್ಲ" ಎಂಬ ಮಾತು ಅರ್ಧ ಮಾತ್ರ ನಿಜ. ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗದಂತಾಗುವ ಪ್ರತಿರೋಧ ಹುಟ್ಟುವುದು ರಕ್ತದಲ್ಲಲ್ಲ, ಬ್ಯಾಕ್ಟೀರಿಯಾ ತುಂಬಿರುವ ಕರುಳಿನಲ್ಲಿಯೇ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಸಂಶೋಧಕರ ತಂಡ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಿಫಾಕ್ಸಿಮಿನ್ ಒತ್ತಡಕ್ಕೆ ಸಿಕ್ಕ ಎಂಟರೋಕಾಕಸ್ ಫೀಸಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಆಗುವ ಒಂದು ಬಗೆಯ ವಂಶವಾಹಿ ಬದಲಾವಣೆಯು ಡ್ಯಾಪ್ಟೊಮೈಸಿನ್‌ಗೂ ಪ್ರತಿರೋಧ ತರುತ್ತದೆ. ವ್ಯಾಂಕೊಮೈಸಿನ್‌ಗೆ ಬಗ್ಗದ ಸೋಂಕಿಗೆ ನಾವು ಕೊನೆಯ ಆಸರೆಯಾಗಿ ಇಟ್ಟುಕೊಂಡಿರುವ ಔಷಧ ಅದು. ಎರಡನೆಯದಾಗಿ, ರಿಫಾಕ್ಸಿಮಿನ್ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನ ದಾಯಾದಿ. ಕ್ಷಯ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಅದನ್ನು ಮರೆಯುವುದು ಸರಿಯೇ?

ಹಳೇ ಸ್ಟೆತಸ್ಕೋಪ್, ತುಮಕೂರು

ಮೇಡಂ, ಆಕ್ಷೇಪ ನ್ಯಾಯವಾದದ್ದೇ, ಒಪ್ಪುತ್ತೇನೆ. ಆದ್ದರಿಂದಲೇ ಹೊಟ್ಟೆ ಉಬ್ಬರಿಸಿದವರಿಗೆಲ್ಲ ಇದನ್ನು ಬರೆಯುವ ಅಭ್ಯಾಸವನ್ನು ನಾನೂ ವಿರೋಧಿಸುತ್ತೇನೆ. ಪ್ರತಿರೋಧಕ್ಕೆ ಅನಗತ್ಯವಾಗಿ ದಾರಿ ಮಾಡುವುದು ಆ ಬಗೆಯ ಬಳಕೆ. ಕ್ಷಯದ ವಿಷಯದಲ್ಲಿ, ರಕ್ತದಲ್ಲಿ ಮಾತ್ರೆಯ ಅಂಶ ತೀರ ಕಡಿಮೆಯಿರುವುದರಿಂದ ಶ್ವಾಸಕೋಶದ ಕ್ಷಯಾಣುವಿನ ಮೇಲೆ ಒತ್ತಡವೂ ಅಷ್ಟೇ ಕಡಿಮೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಲಿವರ್ ತುಂಬ ಕೆಟ್ಟವರಲ್ಲಿ ಸಾಮಾನ್ಯರಿಗಿಂತ ಹೆಚ್ಚು ಮಾತ್ರೆ ರಕ್ತಕ್ಕೆ ಸೇರುತ್ತದೆ ಎಂಬುದನ್ನೂ ಮುಚ್ಚಿಡಬಾರದು.

ಇಷ್ಟಾದರೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಬೇಕು. 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಎರಡು ಸಲ ಮಂಕು ಕವಿದು ಚೇತರಿಸಿಕೊಂಡಿದ್ದ 299 ಜನರಿದ್ದರು. ಆರು ತಿಂಗಳ ಅವಧಿಯಲ್ಲಿ ಈ ಮಾತ್ರೆ ನುಂಗಿದವರಲ್ಲಿ ಶೇಕಡಾ 22.1 ಮಂದಿಗೆ, ಹುಸಿಮಾತ್ರೆ ನುಂಗಿದವರಲ್ಲಿ ಶೇಕಡಾ 45.9 ಮಂದಿಗೆ ಮಂಕು ಮರುಕಳಿಸಿತು. ಆ ಕಾರಣಕ್ಕೆ ಆಸ್ಪತ್ರೆ ಸೇರಿದವರು ಕ್ರಮವಾಗಿ ಶೇಕಡಾ 13.6 ಮತ್ತು 22.6. ಎರಡೂ ಗುಂಪುಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಜನ ಲ್ಯಾಕ್ಟುಲೋಸ್ ಕುಡಿಯುತ್ತಿದ್ದರು ಎಂಬುದನ್ನು ನಿಮ್ಮ ತಂದೆಯವರಿಗೆ ವಿಶೇಷವಾಗಿ ತಿಳಿಸಿ ತಾಯಿ. ಸಿರಪ್ ಇಲ್ಲದ ಮಾತ್ರೆಯ ಯಶಸ್ಸಲ್ಲ ಅದು. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 2015ರಲ್ಲಿ ಚಿಕಿತ್ಸೆಗಳನ್ನು ಪರಿಶೀಲಿಸಿ ಶಿಫಾರಸು ಮಾಡುವ ಇಂಗ್ಲೆಂಡಿನ ನೈಸ್ ಸಂಸ್ಥೆ, ವಯಸ್ಕರಲ್ಲಿ ಮರುಕಳಿಕೆ ತಡೆಯಲು ಇದನ್ನು ಒಪ್ಪಿದವು.

ನಮ್ಮ ದೇಶದ ಪುರಾವೆಯೂ ಇದೆ. ದೆಹಲಿಯ ಗೋವಿಂದ ಬಲ್ಲಭ ಪಂತ್ ಆಸ್ಪತ್ರೆಯ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಕು ಕವಿದೇ ದಾಖಲಾದ 120 ರೋಗಿಗಳಲ್ಲಿ ಸಿರಪ್ ಜೊತೆ ಮಾತ್ರೆ ಪಡೆದವರಲ್ಲಿ ಶೇಕಡಾ 76 ಜನ ಪೂರ್ತಿ ತಿಳಿಯಾದರು, ಸಿರಪ್ ಮಾತ್ರ ಪಡೆದವರಲ್ಲಿ ಶೇಕಡಾ 50.8 ಜನ. ಸಾವು ಶೇಕಡಾ 23.8 ಮತ್ತು 49.1. ಒಂದೇ ಆಸ್ಪತ್ರೆಯ ಚಿಕ್ಕ ಅಧ್ಯಯನವಾದ್ದರಿಂದ ಸಾವಿನ ಆ ಅಂತರವನ್ನು ಎಲ್ಲೆಡೆಗೂ ಹಾಗೆಯೇ ಅನ್ವಯಿಸಬಾರದು.

ನನ್ನ ತರಬೇತಿಯ ಕಾಲದಲ್ಲಿ ಈ ಕೆಲಸಕ್ಕೆ ನಿಯೋಮೈಸಿನ್ ಕೊಡುತ್ತಿದ್ದೆವು. ಕೆಲವರ ಕಿವಿ, ಮೂತ್ರಪಿಂಡಗಳಿಗೆ ಏಟು ಬೀಳುತ್ತಿತ್ತು. ಮೆಟ್ರೊನಿಡಜೋಲ್ ತಿಂಗಳುಗಟ್ಟಲೆ ಕೊಟ್ಟರೆ ಕೈಕಾಲಿನ ನರಗಳು ಜೋಮು ಹಿಡಿಯುತ್ತಿದ್ದವು. ಅವುಗಳ ಮುಂದೆ ಇದು ಸಾಧು.

ಅಡಿಕೆತೋಟ, ಗುಬ್ಬಿ

ಡಾಕ್ಟರು ಔಷಧದ ಬಗ್ಗೆ ಹೇಳಿದರು, ನಾನು ಅಡುಗೆಮನೆಯ ಬಗ್ಗೆ ಹೇಳುತ್ತೇನೆ. ನಮ್ಮ ಅಮ್ಮನನ್ನು ಇದೇ ಕಾಯಿಲೆಯಲ್ಲಿ ಮೂರು ವರ್ಷ ನೋಡಿಕೊಂಡೆ. ಮೊದಲ ಸಲ ಮಂಕಾದಾಗ ಒಬ್ಬರು, "ಬೇಳೆಕಾಳು ಪೂರ್ತಿ ಬಿಡಿಸಿ, ಗಂಜಿ ಮಾತ್ರ ಕೊಡಿ" ಎಂದರು. ಹುರುಳಿ ಕಟ್ಟಿನ ಸಾರಿಲ್ಲದೆ ಮುದ್ದೆ ನುಂಗಿ ಗೊತ್ತಿಲ್ಲದ ಹೆಂಗಸಿಗೆ ಎಂಟು ತಿಂಗಳು ಅನ್ನದ ಗಂಜಿ ಕುಡಿಸಿದೆವು. ಬಳೆ ಮೊಣಕೈವರೆಗೆ ಜಾರುವಷ್ಟು ತೋಳು ಸೊರಗಿತು, ಮಂಕು ಮಾತ್ರ ಹೆಚ್ಚಾಯಿತು. ಆಮೇಲೆ ಬೇರೆ ವೈದ್ಯರು ಹೇಳಿದ್ದು: ಲಿವರ್ ಸೋತಾಗ ಅಮೋನಿಯಾವನ್ನು ಕರಗಿಸುವ ಕೆಲಸದ ಒಂದು ಪಾಲನ್ನು ಮಾಂಸಖಂಡಗಳು ಹೊರುತ್ತವೆ, ಅವನ್ನೇ ಒಣಗಿಸಿದರೆ ಹೇಗೆ? ಈಗಿನ ಸಲಹೆಯಂತೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಐವತ್ತು ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ನಾವು ಅವರೆಕಾಳು, ಹುರುಳಿ, ಹೆಸರುಬೇಳೆ, ಮೊಸರು ಎಲ್ಲವನ್ನೂ ಹಂಚಿ ಹಂಚಿ ಕೊಟ್ಟೆವು. ರಾತ್ರಿ ಮಲಗುವ ಮುನ್ನ ಒಂದು ಲೋಟ ರಾಗಿ ಗಂಜಿಗೆ ಹಾಲು ಬೆರೆಸಿ ಕುಡಿಸುತ್ತಿದ್ದೆವು, ಏಕೆಂದರೆ ಬೆಳಗಿನವರೆಗೆ ಹೊಟ್ಟೆ ಖಾಲಿ ಇದ್ದರೆ ದೇಹ ತನ್ನ ಮಾಂಸವನ್ನೇ ಸುಡುತ್ತದಂತೆ. ಜಲೋದರ ಇದ್ದುದರಿಂದ ಉಪ್ಪು ಮಾತ್ರ ಬಿಗಿ; ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಬೇಕಾಯಿತು.

ಇನ್ನೊಂದು ಎಚ್ಚರಿಕೆ. ಅಮ್ಮ ರಾತ್ರಿ ಮಲಗುವುದಿಲ್ಲ ಎಂದು ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ನಿದ್ದೆ ಮಾತ್ರೆ ಬರೆದುಕೊಟ್ಟರು. ಲಿವರ್ ಕಾಯಿಲೆಯ ಕಡತವನ್ನು ನಾನು ಮನೆಯಲ್ಲಿ ಬಿಟ್ಟುಹೋಗಿದ್ದೆ, ಅವರೂ ಕೇಳಲಿಲ್ಲ. ಎರಡು ರಾತ್ರಿ ನುಂಗಿದ್ದಕ್ಕೆ ಮೂರನೆಯ ದಿನ ಎಬ್ಬಿಸಿದರೂ ಏಳಲಿಲ್ಲ. ಆ ನಿದ್ರಾಹೀನತೆಯೇ ಮಂಕಿನ ಮೊದಲ ಲಕ್ಷಣವೆಂದು ನಮಗೆ ಗೊತ್ತಿರಲಿಲ್ಲ.

ಹಿತ್ತಲ ಗಿಡ, ಮುಳಬಾಗಿಲು

ಇಷ್ಟೆಲ್ಲ ಮಾತ್ರೆಗಳ ಬದಲು ನಮ್ಮ ಕಡೆ ಕಾಮಾಲೆಗೆ ಕೊಡುವ ನೆಲನೆಲ್ಲಿ ರಸವನ್ನೋ ಅಮೃತಬಳ್ಳಿಯನ್ನೋ ಏಕೆ ಕೊಡಬಾರದು? ನಮ್ಮ ತಾತನ ಕಾಲದಿಂದ ಎಷ್ಟೋ ಜನ ಗುಣವಾಗಿದ್ದಾರೆ.

ಹಳೇ ಸ್ಟೆತಸ್ಕೋಪ್, ತುಮಕೂರು

ಸ್ವಾಮಿ, ನಿಮ್ಮ ತಾತನವರು ನೋಡಿದ ಕಾಮಾಲೆಯಲ್ಲಿ ಬಹುಪಾಲು ಕಲುಷಿತ ನೀರಿನಿಂದ ಬರುವ ವೈರಸ್ ಕಾಮಾಲೆ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಕೀರ್ತಿ ಗಿಡಕ್ಕೆ ಹೋಗುತ್ತದೆ. ಸಿರೋಸಿಸ್ ಆ ಜಾತಿಯದಲ್ಲ. ಅಮೃತಬಳ್ಳಿಯಿಂದಲೇ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಈ ರೋಗಿಗೆ ಬೇಡ.

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ಋಣಿ. ಅಂದೇ ಫೋನ್ ಮಾಡಿದೆವು. ವೈದ್ಯರು ಬೈದರು, ಬೈಯಬೇಕಾದದ್ದೇ. ಮಾತ್ರೆ ಮತ್ತೆ ಶುರುವಾಗಿದೆ, ಸಿರಪ್ ಅಳತೆ ಇಳಿಸಿದ್ದಾರೆ. ಒಂದು ಸಣ್ಣ ವಿಷಯ ಹೇಳಬೇಕು. ಅಪ್ಪ ಪ್ರತಿ ವಾರ ಹಾಲಿನ ಡೇರಿಯ ಬಟವಾಡೆ ಪಟ್ಟಿಯಲ್ಲಿ ಸಹಿ ಮಾಡುತ್ತಾರೆ. ಡೇರಿಯ ಕಾರ್ಯದರ್ಶಿಯವರು ನಿನ್ನೆ ಕರೆದು ಹಳೆಯ ಹಾಳೆಗಳನ್ನು ತೋರಿಸಿದರು. ಎರಡನೆಯ ಸಲ ಆಸ್ಪತ್ರೆ ಸೇರುವ ಮೂರು ವಾರ ಮೊದಲೇ ಸಹಿ ಗೆರೆಯಿಂದ ಕೆಳಗೆ ಜಾರಲು ಶುರುವಾಗಿದೆ. ಕೊನೆಯ ವಾರ 'ಪ್ಪ' ಒತ್ತಕ್ಷರವೇ ಇಲ್ಲ, ಒಂದು ಸೊಟ್ಟ ಗೆರೆ ಮಾತ್ರ. ಮಾತ್ರೆ ನಿಂತ ಆ ನಾಲ್ಕು ದಿನಗಳಲ್ಲಿ ಮಾಡಿದ ಸಹಿಯೂ ಸ್ವಲ್ಪ ವಾಲಿದೆ. ನಾವು ಮನೆಯಲ್ಲಿದ್ದವರು ಯಾರೂ ಗಮನಿಸಿರಲಿಲ್ಲ.

ಹಳೇ ಸ್ಟೆತಸ್ಕೋಪ್, ತುಮಕೂರು

ಆ ಕಾರ್ಯದರ್ಶಿಯವರಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ವಾರ್ಡುಗಳಲ್ಲಿ ಪ್ರತಿದಿನ ಬೆಳಿಗ್ಗೆ ರೋಗಿಯ ಕೈಯಲ್ಲಿ ಸಹಿ ಮಾಡಿಸುತ್ತಿದ್ದುದು ಇದಕ್ಕೇ. ರಕ್ತದ ಅಮೋನಿಯಾ ಪರೀಕ್ಷೆಯ ಅಂಕಿಗಿಂತ ಎಷ್ಟೋ ಸಲ ಅದು ಹೆಚ್ಚು ಹೇಳುತ್ತದೆ. ಮನೆಯಲ್ಲಿ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂದು ಎಣಿಸಿ. ಹತ್ತಕ್ಕಿಂತ ಕಡಿಮೆಯಾದರೆ ತಡಮಾಡದೆ ವೈದ್ಯರಿಗೆ ಹೇಳಿ. ಮಲಬದ್ಧತೆ, ಜ್ವರ, ಕಪ್ಪು ಮಲ, ವಾಂತಿ, ನೋವಿನ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಯ ಅತಿಬಳಕೆ, ಇವುಗಳಲ್ಲಿ ಯಾವುದಾದರೂ ಮಂಕನ್ನು ಮತ್ತೆ ತರಬಹುದು. ಆಗ ರಿಫಾಕ್ಸಿಮಿನ್ ಒಂದೇ ಕಾಪಾಡುವುದಿಲ್ಲ. ಸದ್ಯಕ್ಕೆ ಸ್ಕೂಟರ್ ಕೀಲಿಯನ್ನು ನೀವೇ ಇಟ್ಟುಕೊಳ್ಳಿ. ಈ ಮಾತ್ರೆಯಿಂದ ಗಟ್ಟಿಯಾದ ಲಿವರ್ ಮೆತ್ತಗಾಗುವುದಿಲ್ಲವಾದ್ದರಿಂದ, ಕಸಿ ಮಾಡುವ ಸಾಧ್ಯತೆಯಿದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ಮೃತ ದಾನಿಯ ಅಂಗಕ್ಕೆ ನಮ್ಮ ರಾಜ್ಯದಲ್ಲಿ ಅಂಗದಾನದ ಸರ್ಕಾರಿ ಸಂಸ್ಥೆಯಾದ ಜೀವಸಾರ್ಥಕತೆಯ ಮೂಲಕ ಸರದಿಯಿರುವುದರಿಂದ ಆಸ್ಪತ್ರೆಯ ಮುಖಾಂತರ ಬೇಗ ನೋಂದಾಯಿಸುವುದು ಒಳ್ಳೆಯದು.

ಮಾವಿನತೋಪು, ಶ್ರೀನಿವಾಸಪುರ

ಕೀಲಿ ತೆಗೆದಿಟ್ಟಿದ್ದೇನೆ, ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಪ್ರಾಣಿಗಳ ಪರೀಕ್ಷೆಯನ್ನು ಮಾತ್ರೆ ಮತ್ತೆ ಶುರುಮಾಡಿದ ದಿನ ಮಾಡಿದಾಗ ಒಂಬತ್ತು ಬಂದಿತ್ತು. ಇಂದು, ಹನ್ನೆರಡನೆಯ ದಿನ, ಹದಿನಾಲ್ಕು. ನಾಟಿ ಹಸು ಬೇರೆ, ಸೀಮೆಹಸು ಬೇರೆ, ಎರಡನ್ನೂ ಒಂದೇ ಎಂದು ಹಿಡಿದದ್ದು ಮೋಸ, ಹದಿನೈದು ಬರೆಯಬೇಕು ಎಂದು ಅಪ್ಪ ಜಗಳಕ್ಕೆ ನಿಂತಿದ್ದಾರೆ.

ಹಳೇ ಸ್ಟೆತಸ್ಕೋಪ್, ತುಮಕೂರು

ಹದಿನೈದೇ ಬರೆಯಿರಿ.